ತೋಟದ ಪೈಪಿಗೂ ಮುಪ್ಪು ಬರುತ್ತದೆ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಯಾವ ಊರಿಗಾದರೂ ಹೋಗಿ ನೋಡಿ. ಕೊಳವೆ ಬಾವಿಯಿಂದ ತೋಟಕ್ಕೆ ಹೊರಟ ಪಿ.ವಿ.ಸಿ. ಪೈಪು, ಅದರಿಂದ ಕವಲೊಡೆದ ಹನಿ ನೀರಾವರಿಯ ಕರಿಯ ಕೊಳವೆ, ಕಣದಲ್ಲಿ ಗೋವಿನ ಜೋಳದ ರಾಶಿಗೆ ಹೊದಿಸಿದ ತಾಡಪಾಲು, ಮಳೆಗಾಲದಲ್ಲಿ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಕೃಷಿ ಹೊಂಡದ ತಳಕ್ಕೆ ಹಾಸಿದ ಹಾಳೆ. ಒಂದು ಕಾಲಕ್ಕೆ ಕಲ್ಲು, ಮರ, ಕಬ್ಬಿಣ, ಅಡಿಕೆ ಹಾಳೆ, ಕರಡದ ಹುಲ್ಲು ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಪ್ಲಾಸ್ಟಿಕ್ ಮಾಡುತ್ತಿದೆ. ಬೇಸಾಯದಲ್ಲಿ ನಾವು ಹಾಕುವ ಬಂಡವಾಳದ ದೊಡ್ಡ ಪಾಲು ಈ ಒಂದು ವಸ್ತುವಿನ ಮೇಲೆ ನಿಂತಿದೆ.

ಆದರೆ ಈ ವಸ್ತು ಎಷ್ಟು ದಿನ ಬಾಳುತ್ತದೆ? ಹಸುವಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತೀರಿ, ಅಡಿಕೆ ಮರದ ವಯಸ್ಸನ್ನು ಎತ್ತರ ಮತ್ತು ಗೆಣ್ಣು ನೋಡಿ ಅಂದಾಜು ಮಾಡುತ್ತೀರಿ. ಪೈಪಿನ ವಯಸ್ಸು ಹೊರನೋಟಕ್ಕೆ ಸಿಗುವುದಿಲ್ಲ. ನಿನ್ನೆಯವರೆಗೆ ನೀರು ಹರಿಸಿದ ಪೈಪು ಏಪ್ರಿಲ್ ತಿಂಗಳ ಒಂದು ಮುಂಜಾನೆ, ಪಂಪು ಹಾಕಿದ ಕೂಡಲೇ, ಉದ್ದಕ್ಕೆ ಸೀಳಿ ಹೋಗುತ್ತದೆ. ಆ ಹೊತ್ತಿನಲ್ಲಿ ಹೋದದ್ದು ಪೈಪು ಮಾತ್ರವಲ್ಲ, ಅಂದಿನ ಮೂರು ಫೇಸ್ ಕರೆಂಟು ಮತ್ತು ತೋಟಕ್ಕೆ ತುರ್ತಾಗಿ ಬೇಕಿದ್ದ ನೀರು ಕೂಡ. ಆದ್ದರಿಂದ ಪ್ಲಾಸ್ಟಿಕ್ಕಿನ ಮುಪ್ಪು ಪ್ರಯೋಗಶಾಲೆಯ ಪಂಡಿತರಿಗಷ್ಟೇ ಬಿಟ್ಟ ವಿಷಯವಲ್ಲ.

ಎರಡು ಬಗೆಯ ಮುಪ್ಪು

ಪ್ಲಾಸ್ಟಿಕ್ ಎಂದರೆ ಬಹು ಉದ್ದನೆಯ ಅಣುಸರಪಳಿಗಳ ರಾಶಿ. ವಿಜ್ಞಾನಿಗಳು ಇದನ್ನು ಪಾಲಿಮರ್ ಎನ್ನುತ್ತಾರೆ. ತೆಂಗಿನ ನಾರನ್ನು ಗುಡ್ಡೆ ಹಾಕಿದಂತೆ ಈ ಸರಪಳಿಗಳು ಒಂದಕ್ಕೊಂದು ಸಿಕ್ಕುಬಿದ್ದಿರುತ್ತವೆ. ಈ ರಾಶಿಗೆ ಮುಪ್ಪು ಎರಡು ದಾರಿಯಲ್ಲಿ ಬರುತ್ತದೆ.

ಮೊದಲನೆಯದು ರಾಸಾಯನಿಕ ಮುಪ್ಪು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಸರಪಳಿಯನ್ನೇ ಕತ್ತರಿಸುತ್ತವೆ. ನಾರು ತುಂಡಾದ ಹಗ್ಗ ಹೇಗೋ ಹಾಗೆ. ಒಮ್ಮೆ ಕಡಿದದ್ದು ಮತ್ತೆ ಕೂಡುವುದಿಲ್ಲ.

ಎರಡನೆಯದು ಭೌತಿಕ ಮುಪ್ಪು. ಇಲ್ಲಿ ಒಂದು ಸರಪಳಿಯೂ ಕಡಿಯುವುದಿಲ್ಲ, ಬಿಸಿಲೂ ಬೇಕಿಲ್ಲ. ಕತ್ತಲೆ ಕೋಣೆಯಲ್ಲಿ ಇಟ್ಟ ಹೊಸ ಪೈಪಿಗೂ ಇದು ಬರುತ್ತದೆ. ಹೇಗೆ ಎಂಬುದನ್ನು ತಿಳಿಯಲು ಅಡುಗೆ ಮನೆಗೆ ಬನ್ನಿ. ಕುದಿಯುವ ಬೆಲ್ಲದ ಪಾಕ ಹದಕ್ಕೆ ಬಂದಿತೋ ಇಲ್ಲವೋ ಎಂದು ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಾರೆ. ಗಟ್ಟಿ ಪಾಕವಾದರೆ ಆ ಹನಿ ಗಾಜಿನಂತೆ ಬಿಗಿದು ಟಣ್ ಎನ್ನುತ್ತದೆ. ಪಿ.ವಿ.ಸಿ. ಪೈಪು ಕಾರ್ಖಾನೆಯಲ್ಲಿ ಹುಟ್ಟುವುದೂ ಹೀಗೆಯೇ. ಬಿಸಿಯಾಗಿ ಅಚ್ಚಿನಿಂದ ಹೊರಬಂದ ಪೈಪನ್ನು ಕೂಡಲೇ ನೀರಿನಲ್ಲಿ ತಣಿಸುತ್ತಾರೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದಾಗ ಪಿ.ವಿ.ಸಿ. ಗಾಜಿನ ಸ್ಥಿತಿಗೆ ಇಳಿಯುತ್ತದೆ. ಸರಪಳಿಗಳಿಗೆ ಸರಿಯಾಗಿ ಜೋಡಿಸಿಕೊಂಡು ಕೂರಲು ಪುರುಸೊತ್ತೇ ಇರುವುದಿಲ್ಲ. ನಡುನಡುವೆ ಸಣ್ಣ ಸಣ್ಣ ಖಾಲಿ ಜಾಗ ಉಳಿದುಬಿಡುತ್ತದೆ.

ಕೊಳಗಕ್ಕೆ ಭತ್ತ ಸುರಿದು ಹಾಗೆಯೇ ಬಿಟ್ಟರೆ ತುಂಬಿದಂತೆ ಕಾಣುತ್ತದೆ. ಸ್ವಲ್ಪ ಕುಲುಕಿ ನೋಡಿ, ಎರಡು ಬೆರಳು ಕೆಳಗೆ ಇಳಿಯುತ್ತದೆ. ಪೈಪಿನ ಒಳಗೂ ತಿಂಗಳು, ವರ್ಷಗಟ್ಟಲೆ ನಡೆಯುವುದು ಇದೇ. ಅಣುಗಳ ನಿರಂತರ ಅಲುಗಾಟವೇ ಅಲ್ಲಿ ಕುಲುಕುವ ಕೈ. ಖಾಲಿ ಜಾಗ ಕಡಿಮೆಯಾದಂತೆ ವಸ್ತು ಒತ್ತಾಗುತ್ತದೆ, ಗಡುಸಾಗುತ್ತದೆ. ಗಡುಸಾದದ್ದು ಒಳ್ಳೆಯದಲ್ಲವೆ ಎಂದು ನೀವು ಕೇಳಬಹುದು. ಗಡುಸಿನ ಜೊತೆಗೆ ಬಾಗುವ ಗುಣ ಹೋಗುತ್ತದೆ. ಪೆಟ್ಟು ಬಿದ್ದಾಗ ಹೊಸ ಪೈಪು ತುಸು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮುಪ್ಪಾದ ಪೈಪು ಬಾಗಲಾರದೆ ಒಡೆಯುತ್ತದೆ.

ಹಾಲೆಂಡಿನ ಎಲ್.ಸಿ.ಇ. ಸ್ಟ್ರೂಯಿಕ್ ಎಂಬ ವಿಜ್ಞಾನಿ 1978ರಲ್ಲಿ ಈ ವಿಷಯವನ್ನೇ ಕುರಿತು ಒಂದು ಗ್ರಂಥ ಬರೆದರು. ಭೌತಿಕ ಮುಪ್ಪಿನ ನಡೆ ವಿಚಿತ್ರವಾದದ್ದು. ಮೊದಲ ದಿನದಿಂದ ಹತ್ತನೆಯ ದಿನದವರೆಗೆ ಎಷ್ಟು ಬದಲಾವಣೆ ಆಗುತ್ತದೋ, ಸುಮಾರಾಗಿ ಅಷ್ಟೇ ಬದಲಾವಣೆ ಹತ್ತರಿಂದ ನೂರನೆಯ ದಿನದವರೆಗೆ, ಮತ್ತೆ ಅಷ್ಟೇ ನೂರರಿಂದ ಸಾವಿರದವರೆಗೆ ಆಗುತ್ತದೆ. ಅಂದರೆ ಮೊದಲು ವೇಗ, ಆಮೇಲೆ ನಿಧಾನ, ಆದರೆ ನಿಲ್ಲುವುದು ಎಂಬುದಿಲ್ಲ. ಬಿಸಿ ಹೆಚ್ಚಿದಂತೆ, ಆದರೆ 80 ಡಿಗ್ರಿಯ ಒಳಗೇ, ಈ ನಡೆ ಚುರುಕಾಗುತ್ತದೆ. ಬೇಸಿಗೆಯಲ್ಲಿ ಬಯಲಿಗೆ ಬಿದ್ದ ಪೈಪಿಗೆ ನೆರಳಿನ ಪೈಪಿಗಿಂತ ಬೇಗ ವಯಸ್ಸಾಗುವುದಕ್ಕೆ ಇದೂ ಒಂದು ಕಾರಣ.

ಈ ಮುಪ್ಪನ್ನು ಅಳಿಸಲು ಸಾಧ್ಯವಿದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಎರಡು ಪೈಪು ಜೋಡಿಸಲು ಒಂದರ ಬಾಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಅಗಲಿಸುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಹಾಗೆ 80 ಡಿಗ್ರಿ ದಾಟಿ ಮೆತ್ತಗಾದ ಕೂಡಲೇ ಅಷ್ಟು ಭಾಗದ ಭೌತಿಕ ಮುಪ್ಪು ಅಳಿಸಿಹೋಗುತ್ತದೆ. ತಣಿದ ಮೇಲೆ ಹೊಸದಾಗಿ ಲೆಕ್ಕ ಶುರುವಾಗುತ್ತದೆ. ಆದರೆ ಬಿಸಿಲು ತಿಂದು ಕಡಿದ ಸರಪಳಿಗೆ ಈ ಮದ್ದು ನಾಟುವುದಿಲ್ಲ. ಬೆಂಕಿ ಜಾಸ್ತಿಯಾದರೆ ಪಿ.ವಿ.ಸಿ. ಸುಟ್ಟು ಕಂದಾಗಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಆ ಹೊಗೆ ಗಂಟಲು, ಶ್ವಾಸಕೋಶಗಳಿಗೆ ಕೇಡು. ಆದ್ದರಿಂದ ಬೆಂಕಿಯ ಬದಲು ಅಂಗಡಿಯಲ್ಲಿ ಸಿಗುವ ಕಪ್ಲಿಂಗ್ ಮತ್ತು ಅಂಟು ಬಳಸುವುದೇ ಮೇಲು.

ಮುಪ್ಪನ್ನು ಓದುವ ಬೆಳಕು

ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ವಿಜ್ಞಾನಿಗಳು ಹೇಗೆ ಕಂಡುಹಿಡಿಯುತ್ತಾರೆ? ಬೆಳಕನ್ನು ಬಿಡಿಸಿ ಓದುವ ವಿದ್ಯೆಯಿಂದ. ಇದಕ್ಕೆ ರೋಹಿತದರ್ಶನ ಎಂದು ಹೆಸರು. ಮಳೆಬಿಲ್ಲಿನಲ್ಲಿ ಬಿಸಿಲು ಏಳು ಬಣ್ಣವಾಗಿ ಬಿಡಿಸಿಕೊಳ್ಳುತ್ತದಲ್ಲ, ಆ ಪಟ್ಟಿಯೇ ರೋಹಿತ.

ಮೊದಲನೆಯ ವಿಧಾನ ಅವಕೆಂಪು ಕಿರಣದ್ದು. ಅಣುಗಳೊಳಗಿನ ಪ್ರತಿಯೊಂದು ಕೊಂಡಿಯೂ ತನ್ನದೇ ಲಯದಲ್ಲಿ ಮಿಡಿಯುತ್ತಿರುತ್ತದೆ. ಆ ಲಯಕ್ಕೆ ಹೊಂದುವ ಕಿರಣ ಬಂದರೆ ಅದನ್ನು ಹೀರಿಕೊಳ್ಳುತ್ತದೆ. ಯಾವ ಕಿರಣ ಕಾಣೆಯಾಯಿತು ಎಂದು ನೋಡಿ ಒಳಗೆ ಯಾವ ಕೊಂಡಿ ಇದೆ ಎಂದು ಹೇಳಬಹುದು. ಹೊಸ ಪಾಲಿಥಿನ್ ಹಾಳೆಯಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಬಿಸಿಲಿಗೆ ಹಾಕಿದ ಹಾಳೆಯಲ್ಲಿ ಆಮ್ಲಜನಕ ಸೇರಿಕೊಂಡು ಕಾರ್ಬೊನಿಲ್ ಎಂಬ ಹೊಸ ಕೊಂಡಿ ಹುಟ್ಟುತ್ತದೆ. ಸೆಂಟಿಮೀಟರಿಗೆ ಸುಮಾರು 1715 ಅಲೆಗಳಿರುವ ಕಿರಣವನ್ನು ಅದು ಹೀರುತ್ತದೆ. ರೋಹಿತದ ಆ ಜಾಗದಲ್ಲಿ ಗುಂಡಿ ಎಷ್ಟು ಆಳವೋ ಹಾಳೆಗೆ ಮುಪ್ಪು ಅಷ್ಟು. ಹಾಳೆ ಕೈಯಲ್ಲಿ ಹರಿಯುವುದಕ್ಕೆ ಎಷ್ಟೋ ಮುಂಚೆಯೇ ಈ ಗುರುತು ಕಾಣಿಸಿಕೊಳ್ಳುತ್ತದೆ.

ಎರಡನೆಯದು ನಮ್ಮವರೇ ಆದ ಸರ್ ಸಿ.ವಿ. ರಾಮನ್ ಅವರ ಹೆಸರಿನದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡ ಪರಿಣಾಮಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂದಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್ 1948ರಲ್ಲಿ ಅದೇ ಊರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ವಸ್ತುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದಿಷ್ಟು ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆಯಲ್ಲಿ ಅಣುವಿನ ಸಮಾಚಾರವಿರುತ್ತದೆ ಎಂಬುದು ಅವರ ಶೋಧದ ಸಾರ. ಬಿಸಿಲಿಗೆ ಪಿ.ವಿ.ಸಿ. ಹಳದಿಯಾಗುವುದನ್ನು ನೀವು ನೋಡಿದ್ದೀರಿ. ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡು ಕಳಚಿಕೊಂಡು, ಉಳಿದ ಇಂಗಾಲದ ಕೊಂಡಿಗಳು ಸಾಲಾಗಿ ಜೋಡಿಯಾಗುವುದೇ ಆ ಹಳದಿಗೆ ಕಾರಣ. ಇಂಥ ಸಾಲು ಅತಿ ಅಲ್ಪವಿದ್ದರೂ ರಾಮನ್ ರೋಹಿತದಲ್ಲಿ ಎದ್ದು ಕಾಣುತ್ತದೆ.

ಆದರೆ ಭೌತಿಕ ಮುಪ್ಪಿನಲ್ಲಿ ಹೊಸ ಕೊಂಡಿ ಹುಟ್ಟುವುದಿಲ್ಲ, ಹಳೆಯದು ಹೋಗುವುದಿಲ್ಲ. ಕಡಿಮೆಯಾಗುವುದು ಖಾಲಿ ಜಾಗ. ಖಾಲಿ ಜಾಗವನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರ ಕೊಡುವ ಒಂದು ವಿಧಾನದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗ ಹೆಸರು ಮಾಡಿದೆ. ಮಾನಸಗಂಗೋತ್ರಿಯಲ್ಲಿ ಪ್ರೊಫೆಸರ್ ಸಿ. ರಂಗನಾಥಯ್ಯ ಮತ್ತು ಅವರ ಶಿಷ್ಯರು ಪಾಲಿಮರುಗಳೊಳಗಿನ ಖಾಲಿ ಜಾಗವನ್ನು ಪಾಸಿಟ್ರಾನ್ ಎಂಬ ಕಣದಿಂದ ಅಳೆಯುವ ಕೆಲಸವನ್ನು ಅನೇಕ ವರ್ಷ ನಡೆಸಿದರು.

ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಎದುರಾಳಿ. ತೂಕ ಒಂದೇ, ವಿದ್ಯುದಂಶ ಮಾತ್ರ ವಿರುದ್ಧ. ಎರಡೂ ಸೇರಿದರೆ ಎರಡೂ ಇಲ್ಲವಾಗಿ ಗಾಮಾ ಕಿರಣ ಹೊಮ್ಮುತ್ತದೆ. ಸೋಡಿಯಂ-22 ಎಂಬ ವಿಕಿರಣ ವಸ್ತುವಿನಿಂದ ಹೊರಟ ಪಾಸಿಟ್ರಾನನ್ನು ಪ್ಲಾಸ್ಟಿಕ್ ತುಂಡಿಗೆ ಹಾಯಿಸಿದಾಗ ಅದು ಕೆಲವೊಮ್ಮೆ ಒಂದು ಎಲೆಕ್ಟ್ರಾನಿನ ಜೊತೆ ಜೋಡಿಯಾಗಿ ಸರಪಳಿಗಳ ನಡುವಿನ ಖಾಲಿ ಗೂಡಿನಲ್ಲಿ ಕ್ಷಣಕಾಲ ನೆಲೆಸುತ್ತದೆ. ಕ್ಷಣ ಎಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು ಎರಡು ಭಾಗ. ಗೂಡು ದೊಡ್ಡದಾದರೆ ಆ ಜೋಡಿಯ ಆಯುಸ್ಸು ತುಸು ಹೆಚ್ಚು, ಗೂಡು ಕುಗ್ಗಿದರೆ ಕಡಿಮೆ. ಹುಟ್ಟಿದಾಗ ಒಂದು ಗಾಮಾ ಕಿರಣ, ಸಾಯುವಾಗ ಇನ್ನೊಂದು. ಇವೆರಡರ ನಡುವಿನ ಕಾಲವನ್ನು ಯಂತ್ರ ಅಳೆಯುತ್ತದೆ. ಹೀಗೆ ಲಕ್ಷಾಂತರ ಸಲ ಅಳೆದು, ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಗೂಡಿನ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ವರ್ಷ ಕಳೆದಂತೆ ಗೂಡುಗಳು ಕುಗ್ಗುವುದನ್ನು ಈ ಬಗೆಯಲ್ಲಿ ಕಣ್ಣಾರೆ ಕಂಡಂತೆ ಹೇಳಬಹುದು. ಕೊಳಗದ ಭತ್ತ ಎಷ್ಟು ಇಳಿಯಿತು ಎಂದು ಅಳೆದಂತೆಯೇ ಇದು.

ಯಾವ ವಸ್ತುವಿಗೆ ಯಾವ ಮುಪ್ಪು

ಪಿ.ವಿ.ಸಿ. ಪೈಪಿಗೆ ಎರಡೂ ಮುಪ್ಪು ಬರುತ್ತವೆ. ನೆಲದೊಳಗೆ ಹೂತಿದ್ದರೆ ಭೌತಿಕ ಮುಪ್ಪು ಮಾತ್ರ, ಅದೂ ತಂಪಿನಲ್ಲಿ ನಿಧಾನವಾಗಿ. ಬಯಲಿನಲ್ಲಿದ್ದರೆ ಎರಡೂ ಕೂಡಿ ಬರುತ್ತವೆ. ಬಿಸಿಲು ತಿನ್ನುವುದು ಮೇಲಿನ ತೆಳುವಾದ ಪದರವನ್ನಷ್ಟೇ. ಆದರೆ ಸೀಳು ಅಲ್ಲಿಂದಲೇ ಹುಟ್ಟಿ, ಗಡುಸಾದ ಒಳಭಾಗಕ್ಕೆ ಓಡುತ್ತದೆ.

ಹನಿ ನೀರಾವರಿಯ ಕರಿಯ ಕೊಳವೆ, ಕೃಷಿ ಹೊಂಡದ ಹಾಳೆ, ಕೊಟ್ಟೆ, ತಾಡಪಾಲು ಇವು ಪಾಲಿಥಿನ್ ಜಾತಿಯವು. ಪಾಲಿಥಿನ್ ಗಾಜಿನ ಸ್ಥಿತಿಗೆ ಬರಬೇಕಾದರೆ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ ಬೇಕು. ಆದ್ದರಿಂದ ಇವುಗಳಿಗೆ ಭೌತಿಕ ಮುಪ್ಪಿನ ಭಯ ಕಡಿಮೆ, ಬಿಸಿಲಿನ ಭಯ ಹೆಚ್ಚು. ಕರಿಯ ಕೊಳವೆಯಲ್ಲಿ ಬೆರೆಸಿರುವ ಮಸಿ ಬರೀ ಬಣ್ಣಕ್ಕಲ್ಲ. ಅತಿನೇರಳೆ ಕಿರಣವನ್ನು ತಾನೇ ನುಂಗಿ ಸರಪಳಿಯನ್ನು ಕಾಯುವುದು ಅದರ ಕೆಲಸ. ನೀರಿನ ಪಾಲಿಥಿನ್ ಪೈಪುಗಳಿಗೆ ಭಾರತೀಯ ಮಾನಕ 4984 ವಿಧಿಸಿರುವ ಮಸಿಯ ಪ್ರಮಾಣ ನೂರಕ್ಕೆ ಎರಡೂವರೆ ಪಾಲು, ಅರ್ಧ ಪಾಲು ಹೆಚ್ಚು ಕಡಿಮೆ. ಮಸಿ ಕಡಿಮೆಯಾದರೆ, ಅಥವಾ ಸರಿಯಾಗಿ ಬೆರೆಯದೆ ಗಂಟು ಗಂಟಾಗಿದ್ದರೆ ಕಾವಲು ಸಾಲದು.

ಅಡಿಕೆ ಬೆಳೆಗಾರರು ಇನ್ನೊಂದು ವಿಷಯ ಗಮನಿಸಬೇಕು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರವು ಪಾಲಿಥಿನ್ ಜಾತಿಯ ವಸ್ತುಗಳ ಮುಪ್ಪನ್ನು ಚುರುಕುಗೊಳಿಸುವ ಗುಣವುಳ್ಳದ್ದು. ಗಂಧಕ ಮತ್ತು ಕ್ಲೋರಿನ್ ಇರುವ ಔಷಧಿಗಳು ಹಾಳೆಗೆ ಸೇರಿಸಿರುವ ಕೆಲವು ಬಿಸಿಲು ನಿರೋಧಕಗಳನ್ನು ನಿಷ್ಕ್ರಿಯ ಮಾಡುತ್ತವೆ. ಆದ್ದರಿಂದ ಔಷಧಿ ಹೊಡೆಯುವಾಗ ಹನಿ ಕೊಳವೆ, ಹಸಿರುಮನೆಯ ಹಾಳೆ, ಮಡಿಸಿಟ್ಟ ತಾಡಪಾಲುಗಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ನೀರಿನಿಂದ ತೊಳೆಯಿರಿ. ಮರ ಹತ್ತುವ ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ಕಟ್ಟಿದ ಕೊಟ್ಟೆ ನಡುಮಳೆಗಾಲದಲ್ಲಿ ಹರಿದರೆ ಮತ್ತೆ ಮರ ಹತ್ತಿಸುವುದು ಸುಲಭವಲ್ಲ. ಕಳೆದ ವರ್ಷ ಬಿಚ್ಚಿದ ಕೊಟ್ಟೆಯನ್ನು ಈ ವರ್ಷ ಮತ್ತೆ ಕಟ್ಟುವ ಮುಂಚೆ ಒಂದೊಂದನ್ನೂ ಮಡಿಸಿ, ಎಳೆದು ಪರೀಕ್ಷಿಸಿ.

ಕೃಷಿ ಹೊಂಡದ ಹಾಳೆ ಮೊದಲು ಸಾಯುವುದು ದಡದಲ್ಲಿ. ನೀರಿನ ಕೆಳಗಿರುವ ಭಾಗಕ್ಕೆ ಬಿಸಿಲೂ ಕಡಿಮೆ, ಬಿಸಿಯೂ ಕಡಿಮೆ. ನೀರು ಇಳಿದಾಗ ಬಯಲಾಗುವ ಅಂಚಿಗೆ ಎರಡೂ ಪೂರ್ತಿ. ಅಂಚಿನ ಮೇಲೆ ಮಣ್ಣು ಅಥವಾ ಹಳೆಯ ನೆರಳು ಬಲೆ ಹೊದಿಸಿದರೆ ಹಾಳೆಯ ಆಯುಸ್ಸು ಹೆಚ್ಚುತ್ತದೆ. ಹಸಿರುಮನೆ ಇರುವವರು ಹಾಳೆ ತಾಗುವ ಕಬ್ಬಿಣದ ಕೊಳವೆಗಳಿಗೆ ಬಿಳಿ ಬಣ್ಣ ಬಳಿಯಬೇಕು. ಕಾದ ಕಬ್ಬಿಣಕ್ಕೆ ತಾಗಿದ ಕಡೆಯೇ ಹಾಳೆ ಮೊದಲು ಹರಿಯುವುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಪ್ರಯೋಗಶಾಲೆ ಇಲ್ಲದೆಯೂ ಕೆಲವು ಸಂಗತಿಗಳನ್ನು ನೀವೇ ತಿಳಿಯಬಹುದು.

1. ಒಂದು ಚೂರನ್ನು ಕತ್ತರಿಸಿ ನೀರಿಗೆ ಹಾಕಿ. ಪಾಲಿಥಿನ್ ಆದರೆ ತೇಲುತ್ತದೆ, ಪಿ.ವಿ.ಸಿ. ಮುಳುಗುತ್ತದೆ. ಕರಿಯ ಪೈಪು ಎಂದ ಮಾತ್ರಕ್ಕೆ ಎಲ್ಲವೂ ಪಾಲಿಥಿನ್ ಅಲ್ಲ.

2. ಬಿಸಿಲಿನಲ್ಲಿದ್ದ ಪೈಪನ್ನು ಬೆರಳಿನಿಂದ ಉಜ್ಜಿ. ಸುಣ್ಣದಂಥ ಪುಡಿ ಕೈಗೆ ಅಂಟಿದರೆ ಮೇಲ್ಪದರ ಸತ್ತಿದೆ ಎಂದು ತಿಳಿಯಿರಿ.

3. ಹಾಳೆ ಅಥವಾ ತಾಡಪಾಲಿನ ಅಂಚನ್ನು ಒಂದೇ ಕಡೆ ಹತ್ತು ಸಲ ಮಡಿಸಿ ಬಿಡಿಸಿ. ಮಡಿಕೆಯಲ್ಲಿ ಬಿರುಕು ಬಂದರೆ ಅದನ್ನು ಬೆಲೆಬಾಳುವ ಫಸಲಿನ ಮೇಲೆ ಹೊದಿಸಬೇಡಿ.

4. ಹನಿ ಕೊಳವೆಯ ತುಂಡನ್ನು ಕೈಯಲ್ಲಿ ಬಾಗಿಸಿ. ಬಾಗಿದ ಹೊರಮೈಯಲ್ಲಿ ಕೂದಲೆಳೆಯಂಥ ಗೀರುಗಳು ಕಂಡರೆ ಅದರ ಕಾಲ ಮುಗಿಯುತ್ತ ಬಂದಿದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಾಕ್ಷಿ ತುಂಡು. ಪೈಪು ಅಥವಾ ಹಾಳೆ ಕೊಂಡ ದಿನವೇ ಒಂದು ಅಡಿಯಷ್ಟು ಕತ್ತರಿಸಿ, ಕೊಂಡ ತಾರೀಖು, ಅಂಗಡಿ, ಮಾನಕದ ಗುರುತು ಬರೆದ ಚೀಟಿ ಕಟ್ಟಿ, ಬಿಲ್ಲಿನ ಜೊತೆ ತಂಪಾದ ಕತ್ತಲೆಯಲ್ಲಿ ಇಡಿ. ಹೆಂಚಿನ ಕೆಳಗಿನ ಅಟ್ಟ ಬೇಡ, ಅಲ್ಲಿ ಬಿಸಿ ಹೆಚ್ಚು. ಮೂರು ವರ್ಷದ ಮೇಲೆ ತೋಟದ ಪೈಪಿನ ತುಂಡನ್ನೂ ಇದನ್ನೂ ಹೋಲಿಸಿ. ಸಾಕ್ಷಿ ತುಂಡು ಬಾಗಿ, ತೋಟದ್ದು ಮುರಿದರೆ ತಪ್ಪು ಬಿಸಿಲಿನದು ಅಥವಾ ಬಿಸಿಲು ನಿರೋಧಕದ ಕೊರತೆಯದು. ಕತ್ತಲೆಯಲ್ಲಿಟ್ಟದ್ದೂ ಅಷ್ಟೇ ಸುಲಭವಾಗಿ ಮುರಿದರೆ ಮಾಲೇ ಕಳಪೆ ಇದ್ದಿರಬೇಕೆಂದು ಸಂಶಯ ಪಡಬೇಕು. ಏಕೆಂದರೆ ಒಳ್ಳೆಯ ಪೈಪು ಬರಿಯ ಭೌತಿಕ ಮುಪ್ಪಿಗೆ ಮೂರು ವರ್ಷದಲ್ಲಿ ಅಷ್ಟು ಸೋಲುವುದಿಲ್ಲ.

ಕೊಳ್ಳುವಾಗ, ಇಡುವಾಗ

ಪಿ.ವಿ.ಸಿ. ನೀರಿನ ಪೈಪಿಗೆ ಮಾನಕ 4985, ಹನಿ ನೀರಾವರಿಯ ಪಾಲಿಥಿನ್ ಕೊಳವೆಗೆ 12786. ಈ ಸಂಖ್ಯೆ ಮತ್ತು ಐ.ಎಸ್.ಐ. ಗುರುತು ಪೈಪಿನ ಮೈಮೇಲೆಯೇ ಅಚ್ಚಾಗಿರಬೇಕು, ಬಾಯಿಮಾತಿನ ಭರವಸೆ ಸಾಲದು. ಅಂಗಡಿಯ ಮುಂದೆ ವರ್ಷಗಟ್ಟಲೆ ಬಿಸಿಲು ಕಾಯಿಸಿಕೊಂಡ ದಾಸ್ತಾನನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದರೂ ಒಪ್ಪಬೇಡಿ. ನೀವು ಕೊಳ್ಳುವ ಮುಂಚೆಯೇ ಅದರ ಆಯುಸ್ಸಿನ ಒಂದು ಪಾಲು ಕಳೆದಿರುತ್ತದೆ.

ಮುಖ್ಯ ಪೈಪನ್ನು ಎರಡು ಅಡಿಯಷ್ಟು ಆಳದಲ್ಲಿ ಹೂಳಿ. ಹೂಳಲಾಗದ ಕಡೆ ನೀರಿನಲ್ಲಿ ಕಲಸುವ ಬಿಳಿ ಬಣ್ಣ ಬಳಿಯಿರಿ. ದಾಸ್ತಾನು ಪೈಪನ್ನು ನೆರಳಿನಲ್ಲಿ, ಉದ್ದಕ್ಕೂ ಆಧಾರ ಸಿಗುವಂತೆ ಮಲಗಿಸಿ. ಮಾಗಿಯ ಚಳಿಯ ಮುಂಜಾನೆ ಪಿ.ವಿ.ಸಿ. ಪೈಪನ್ನು ಗಾಡಿಯಿಂದ ಎತ್ತಿ ಹಾಕಬೇಡಿ, ಚಳಿಯಲ್ಲಿ ಅದು ಇನ್ನಷ್ಟು ಬಿರುಸಾಗಿರುತ್ತದೆ.

ಇಷ್ಟಾಗಿಯೂ ಮಾಲು ಅವಧಿಗೆ ಮುಂಚೆ ಕೆಟ್ಟರೆ ಸುಮ್ಮನಿರಬೇಕಿಲ್ಲ. 1968ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಪರಿಣತಿ ಪಡೆದದ್ದು. ಮೈಸೂರಿನಲ್ಲಿ ಅದರ ಕೇಂದ್ರವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಒದಗಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ದೋಷ ಕಣ್ಣಿಗೆ ಕಾಣದಂಥದ್ದಾದರೆ ಮಾಲಿನ ನಮೂನೆಗೆ ಮೊಹರು ಹಾಕಿ ಪ್ರಯೋಗಶಾಲೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆಗ ನಿಮ್ಮ ಸಾಕ್ಷಿ ತುಂಡು ಮತ್ತು ಬಿಲ್ಲು ಕೈಗೆ ಬರುತ್ತವೆ. ರೈತನ ಮಾತನ್ನು ಅಂಗಡಿಯವರು ತಳ್ಳಿಹಾಕಬಹುದು, ರೋಹಿತದ ಗುಂಡಿಯನ್ನು ತಳ್ಳಿಹಾಕುವುದು ಕಷ್ಟ.

ಸತ್ತ ಪ್ಲಾಸ್ಟಿಕ್ ಎಲ್ಲಿಗೆ?

ಮುಪ್ಪಾದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ, ಚೂರಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2021ರಲ್ಲಿ ಹೊರತಂದ ವರದಿಯಂತೆ ಜಗತ್ತಿನ ಬೇಸಾಯ ಮತ್ತು ಪಶುಪಾಲನೆಯಲ್ಲಿ ವರ್ಷಕ್ಕೆ 1 ಕೋಟಿ 25 ಲಕ್ಷ ಟನ್ ಪ್ಲಾಸ್ಟಿಕ್ ಬಳಕೆಯಾಗುತ್ತದೆ. ಹರಿದ ಕೊಟ್ಟೆಯ ಚೂರು, ಶುಂಠಿ ಗದ್ದೆಯ ಹಳೆಯ ಹನಿ ಕೊಳವೆ ಮಣ್ಣಿನಲ್ಲೇ ಉಳಿದರೆ ಕುಮುದ್ವತಿ, ದಂಡಾವತಿ, ವರದಾ ಹೊಳೆಗಳ ದಾರಿ ಹಿಡಿಯುತ್ತವೆ. ತಾಳಗುಂದದ ಕದಂಬರ ಶಿಲಾಸ್ತಂಭ ಒಂದೂವರೆ ಸಾವಿರ ವರ್ಷಗಳಿಂದ ಅಲ್ಲೇ ನಿಂತು ಓದುವವರಿಗೆ ಅಕ್ಷರ ತೋರಿಸುತ್ತಿದೆ. ನಾವು ನೆಲದಲ್ಲಿ ಬಿಟ್ಟುಹೋಗುವ ಪ್ಲಾಸ್ಟಿಕ್ ಚೂರಿಗೆ ಹೇಳುವಂಥ ಮಾತೇನೂ ಇಲ್ಲ.

ಆದ್ದರಿಂದ ಹಾಳೆ ಪುಡಿಯಾಗುವವರೆಗೆ ಕಾಯಬೇಡಿ. ಇನ್ನೂ ಗಟ್ಟಿಯಾಗಿ ಕೈಗೆ ಇಡಿಯಾಗಿ ಬರುವಾಗಲೇ ತೆಗೆದು ಸುತ್ತಿ ಗುಜರಿಗೆ ಕೊಡಿ, ಒಂದಿಷ್ಟು ದುಡ್ಡೂ ಬರುತ್ತದೆ. ಪಿ.ವಿ.ಸಿ. ತುಂಡುಗಳನ್ನು ಒಲೆಗಾಗಲಿ, ಗದ್ದೆಯ ಬೆಂಕಿಗಾಗಲಿ ಎಂದಿಗೂ ಹಾಕಬೇಡಿ. ಅದರ ಹೊಗೆಯಲ್ಲಿ ಆಮ್ಲದ ಜೊತೆಗೆ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ.

ಈ ಸಲ ಬೇಸಿಗೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ತೋಟದ ಪೈಪುಗಳನ್ನೆಲ್ಲ ಒಮ್ಮೆ ಮುಟ್ಟಿ, ಉಜ್ಜಿ, ಬಾಗಿಸಿ ನೋಡಿ. ಮುಪ್ಪಾದದ್ದನ್ನು ಗುರುತು ಹಾಕಿ ಮೊದಲೇ ಬದಲಿಸಿ. ಹೊಸದನ್ನು ತಂದ ದಿನ ಕೊಯ್ದ ಒಂದು ಅಡಿ ತುಂಡಿಗೆ ಚೀಟಿ ಕಟ್ಟಲು ಮಾತ್ರ ಮರೆಯಬೇಡಿ.